ನೂರಕ್ಕೆ ನೂರು ನಿದ್ದೆ

ದಾಯಾದಿ ಮತ್ಸರದ ಬಗ್ಗೆ ನಮ್ಮ ಹಿರಿಯರು ಬೇಕಾದಷ್ಟು ಹೇಳಿಟ್ಟು ಹೋಗಿದ್ದಾರೆ. ಷಡ್ಡಕ ಮತ್ಸರದ ಬಗ್ಗೆ ಮಾತ್ರ ಯಾಕೋ ಯಾರೂ ಬಾಯಿ ಬಿಟ್ಟಿಲ್ಲ. ದಾಯಾದಿಯ ಜೊತೆ ಜಗಳವಾದರೆ ಕೋರ್ಟಿಗೆ ಹೋಗಬಹುದು, ಹೊಲ ಭಾಗ ಮಾಡಿಕೊಳ್ಳಬಹುದು. ಹೆಂಡತಿಯ ತಂಗಿಯ ಗಂಡನ ಜೊತೆ ಭಾಗ ಮಾಡಿಕೊಳ್ಳಲು ಇರುವವರು ಮಾವ ಒಬ್ಬರೇ. ಆ ಮಾವ ಯಾವ ಅಳಿಯನನ್ನು ಹೆಚ್ಚು ಮೆಚ್ಚುತ್ತಾರೆ ಎಂಬ ವ್ಯಾಜ್ಯವನ್ನು ಯಾವ ಕೋರ್ಟೂ ಕೈಗೆತ್ತಿಕೊಳ್ಳುವುದಿಲ್ಲ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ವಾಸವಾಗಿರುವ ಇಂದ್ರೇಶ್ ಈ ವ್ಯಾಜ್ಯವನ್ನು ಹನ್ನೊಂದು ವರ್ಷದಿಂದ ಒಬ್ಬನೇ ನಡೆಸುತ್ತಿದ್ದ, ಒಬ್ಬನೇ ಸೋಲುತ್ತಿದ್ದ.

ಗೆಲ್ಲುತ್ತಿದ್ದವನು ಷಡ್ಡಕ ಸುಘೋಷ್. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಮನೆ, ಅಲ್ಲೇ ಔಷಧಿ ಕಂಪನಿಯೊಂದರಲ್ಲಿ ಮ್ಯಾನೇಜರ್ ಕೆಲಸ, ಮುಖದ ತುಂಬ ಒಪ್ಪವಾಗಿ ಕತ್ತರಿಸಿದ ಗಡ್ಡ. ಇಂದ್ರೇಶನಿಗೆ ಕಾಯಂ ವಾಸದ ಪಿಆರ್ ಸಿಗುವಷ್ಟರಲ್ಲಿ ಅವನು ಸಿಟಿಜನ್ ಆಗಿದ್ದ. ಇಂದ್ರೇಶ್ ಒಂದು ಮನೆ ಕೊಂಡ ತಿಂಗಳೇ ಅವನು ಎರಡನೆಯದನ್ನು ಕೊಂಡ. ಕೊನೆಗೆ ಕಾಯಿಲೆಯಲ್ಲೂ ಅವನೇ ಮುಂದು. ತನಗೆ ಸ್ಲೀಪ್ ಆಪ್ನಿಯಾ ಇದೆಯೆಂದು ಡಾಕ್ಟರು ಹೇಳಿದ ದಿನ ಇಂದ್ರೇಶ್ ತಕ್ಕ ಗಾಂಭೀರ್ಯದಿಂದ ಸಿಡ್ನಿಗೆ ಫೋನ್ ಮಾಡಿದರೆ, ನಾದಿನಿ ಗಾನವಿ, "ಅಯ್ಯೋ ಭಾವ, ಇವರಿಗೆ ಹೋದ ವರ್ಷದಿಂದಾನೇ ಇದೆ. ಇವರದ್ದು ಸಿವಿಯರ್" ಎಂದಳು. ಇಂದ್ರೇಶನದು ಬರೀ ಮಾಡರೇಟ್ ಆಗಿತ್ತು.

ಈ ಕಾಯಿಲೆಯಲ್ಲಿ ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುತ್ತದೆ, ಜೊತೆಗೆ ಓಣಿಗೆಲ್ಲ ಕೇಳುವಂಥ ಗೊರಕೆ. ಮದ್ದು ಎಂದರೆ ಸಿಪ್ಯಾಪ್ ಎಂಬ ಮೆಷಿನ್ನು. ಅದು ಕೊಳವೆಯ ಮೂಲಕ ಗಾಳಿ ಊದುತ್ತದೆ, ಕೊಳವೆಯ ತುದಿಯ ಮಾಸ್ಕ್ ಮೂಗನ್ನು ಮುಚ್ಚಿಕೊಂಡು ಕೂರುತ್ತದೆ, ಗಾಳಿಯ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಮಾಸ್ಕ್ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಗಾಳಿ ಸೋರಿ ಎಲ್ಲ ವ್ಯರ್ಥ. ಬೆಳಿಗ್ಗೆ ಏಳು ಗಂಟೆಗೆ ಫೋನಿನ ಆ್ಯಪ್, ರಾತ್ರಿಯ ನಿದ್ದೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಈ ಕೊನೆಯ ಸೌಕರ್ಯವನ್ನು ಕಂಡುಹಿಡಿದವನಿಗೆ ಕನ್ನಡದ ಕುಟುಂಬಗಳ ಪರಿಚಯವಿರಲಿಲ್ಲ.

ಮಾವ ಹಿರಿಯಣ್ಣನವರು ಅರಸೀಕೆರೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಕಾಪಿ ಹೊಡೆದ ನಲವತ್ತೊಂದು ಹುಡುಗರನ್ನು ಪರೀಕ್ಷಾ ಹಾಲಿನಿಂದ ಹೊರಗೆ ಹಾಕಿದ ದಾಖಲೆ ಅವರದು. ಹೆಂಡತಿ ಚಿನ್ನಮ್ಮನವರೊಂದಿಗೆ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಹಿರಿಯ ಮಗಳ ಮನೆ ಮೊದಲು ಎಂಬ ಲೆಕ್ಕದಲ್ಲಿ ಪಾಯಿಂಟ್ ಕುಕ್‌ಗೆ ಬಂದವರು ಐದನೆಯ ದಿನವೇ ಸಿಡ್ನಿಗೆ ಟಿಕೆಟ್ ಬುಕ್ ಮಾಡಿಸಿಕೊಂಡರು. ಕಾರಣ ಕೇಳಿದ್ದಕ್ಕೆ, "ಅಳಿಯಂದಿರ ಗೊರಕೆ" ಎಂದು ಎಲ್ಲರ ಮುಂದೆಯೇ ಹೇಳಿದರು. ಆ ಅವಮಾನದಿಂದಲೇ ಇಂದ್ರೇಶ್ ಡಾಕ್ಟರ ಬಳಿ ಹೋದದ್ದು, ಮೆಷಿನ್ ತಂದದ್ದು.

ಅವರು ಸಿಡ್ನಿ ಸೇರಿ ತಿಂಗಳಾದ ಮೇಲೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸುಘೋಷ್ ತನ್ನ ಆ್ಯಪ್‌ನ ಚಿತ್ರ ಹಾಕುತ್ತಿದ್ದ: ನೂರಕ್ಕೆ ನೂರು, ಮಾಸ್ಕ್ ಸೀಲ್ ಅತ್ಯುತ್ತಮ. ಹಿರಿಯಣ್ಣನವರು ಕೆಳಗೆ "ಶಹಬ್ಬಾಸ್" ಎಂದು ಬರೆಯುತ್ತಿದ್ದರು. ಎರಡು ನಿಮಿಷ ಬಿಟ್ಟು, "ಇಂದ್ರೇಶರ ಫಲಿತಾಂಶ ಬಂದಿಲ್ಲ" ಎಂದು ಇನ್ನೊಂದು ಸಾಲು. ಇಂದ್ರೇಶ್ ಹಲ್ಲು ಕಚ್ಚಿ ತನ್ನ ಐವತ್ತೆಂಟನ್ನು ಹಾಕಿದರೆ, "ಇನ್ನೂ ಪರಿಶ್ರಮ ಅಗತ್ಯ" ಎಂಬ ಷರಾ ಬೀಳುತ್ತಿತ್ತು. ಎರಡು ತಿಂಗಳಲ್ಲಿ ಸುಘೋಷನ ನೂರು ತೊಂಬತ್ತೊಂಬತ್ತಕ್ಕೂ ಇಳಿಯಲಿಲ್ಲ. ಹಲ್ಲುಜ್ಜುವ ಮೊದಲೇ ಹೊಟ್ಟೆ ಉರಿಸಿಕೊಳ್ಳುವುದು ಇಂದ್ರೇಶನಿಗೆ ಅಭ್ಯಾಸವಾಗಿ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಮುಂದಿನ ತಿಂಗಳು ಹಿರಿಯಣ್ಣನವರಿಗೆ ಎಪ್ಪತ್ತು ತುಂಬುತ್ತಿತ್ತು. ಭೀಮರಥ ಶಾಂತಿ ಮಾಡಿಸಬೇಕಿತ್ತು. ಗಂಡುಮಕ್ಕಳಿಲ್ಲದ ಮನೆ, ಹಿರಿಯ ಅಳಿಯ ಇಂದ್ರೇಶ್, ನ್ಯಾಯವಾಗಿ ಅದು ಅವನ ಮನೆಯಲ್ಲಿ ಆಗಬೇಕು. ಅವನ ಸ್ವಂತ ಅಪ್ಪ ಐವತ್ತೆಂಟಕ್ಕೇ ತೀರಿಕೊಂಡಿದ್ದರು. ಅರವತ್ತರ ಶಾಂತಿ ಮಾಡಿಸುವ ಭಾಗ್ಯವೂ ಅವನಿಗೆ ಸಿಕ್ಕಿರಲಿಲ್ಲ. ಮಾವನದಾದರೂ ತನ್ನ ಬಾಗಿಲಲ್ಲಿ, ತಾನು ಕಟ್ಟಿದ ತೋರಣದ ಕೆಳಗೆ ನಡೆಯಲಿ ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು, ಅದರಲ್ಲಿ ಹೊಟ್ಟೆಕಿಚ್ಚಿನ ಪಾಲು ಅರ್ಧಕ್ಕಿಂತ ಹೆಚ್ಚೇನಿರಲಿಲ್ಲ. ಅದನ್ನು ಕೇಳಲು ಫೋನ್ ಮಾಡಿದರೆ ಹೆಡ್‌ಮಾಸ್ಟರು ಪರೀಕ್ಷೆಯನ್ನೇ ಇಟ್ಟರು.

"ನೋಡಿ ಅಳಿಯಂದಿರೇ, ನಾನು ಪಕ್ಷಪಾತ ಮಾಡೋನಲ್ಲ. ಆದ್ರೆ ಈ ವಯಸ್ಸಲ್ಲಿ ನಿದ್ದೆ ಮುಖ್ಯ. ಈ ತಿಂಗಳ ಮೂವತ್ತರೊಳಗೆ ಒಂದೇ ಒಂದು ದಿನ ತೊಂಬತ್ತು ತೆಗೀರಿ, ಮೆಲ್ಬರ್ನ್‌ಗೆ ಬರ್ತೀವಿ, ಶಾಂತಿ ಅಲ್ಲೇ. ಇಲ್ಲಾಂದ್ರೆ ಸುಘೋಷ್ ಆಗ್ಲೇ ಇಲ್ಲೊಂದು ಹಾಲ್ ನೋಡಿದಾರೆ."

"ಮಾವ, ನಿದ್ದೆಗೂ ಕಟ್‌ಆಫ್ ಇಡ್ತಾರಾ?"

"ಎಲ್ಲದಕ್ಕೂ ಇಡ್ತಾರೆ" ಎಂದು ಹಿರಿಯಣ್ಣನವರು ಫೋನ್ ಇಟ್ಟರು.

ಇಂದ್ರೇಶನ ತರ್ಕ ಸರಳವಾಗಿತ್ತು. ಸೋರುತ್ತಿದ್ದರೆ ಬಿಗಿ ಮಾಡು. ಮಾಸ್ಕಿನ ಪಟ್ಟಿಗಳನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದು ಕಟ್ಟಿಕೊಂಡ. ಬೆಳಿಗ್ಗೆ ಎದ್ದಾಗ ಕೆನ್ನೆಯ ಮೇಲೆ ಎರಡು ಕೆಂಪು ಬರೆ ಎದ್ದಿದ್ದವು. ಬಿಗಿಯಾದಷ್ಟೂ ಮಾಸ್ಕ್ ಮಡಚಿಕೊಂಡು, ಗಾಳಿಯೆಲ್ಲ ಮೇಲಿನ ಸಂದಿಯಿಂದ ನೇರ ಕಣ್ಣಿಗೇ ಊದಿ, ಕಣ್ಣು ಕೆಂಡವಾಗಿತ್ತು. ಅಂಕ ನಲವತ್ತೊಂಬತ್ತು. ಹೆಂಡತಿ ಶ್ರೀವಿದ್ಯಾ ಆ ಗಾಳಿಯ ಸುಂಯ್‌ಗುಡುವಿಕೆ ತಾಳಲಾರದೆ ದಿಂಬು ಎತ್ತಿಕೊಂಡು ಪಕ್ಕದ ರೂಮಿಗೆ ಹೋದವಳು ವಾಪಸು ಬಂದಿರಲಿಲ್ಲ.

"ಗೊರಕೆಗಾದ್ರೂ ಒಂದು ತಾಳ ಇತ್ತು ರೀ. ಇದು ಪಂಕ್ಚರ್ ಆದ ಟಯರ್ ಪಕ್ಕ ಮಲಗಿದ ಹಾಗಿದೆ" ಎಂದಳು.

ಬೇರೆ ದಾರಿ ಕಾಣದೆ ಇಂದ್ರೇಶ್ ಅಭಿಮಾನವನ್ನು ಬದಿಗಿಟ್ಟು ಸುಘೋಷನಿಗೇ ಫೋನ್ ಮಾಡಿದ.

"ಟೆಕ್ನಿಕ್ ಏನೂ ಇಲ್ಲ ಭಾವ" ಎಂದ ಸುಘೋಷ್. "ಮನಸ್ಸಲ್ಲಿ ಯಾರ ಬಗ್ಗೆನೂ ಕೆಟ್ಟದ್ದು ಇಟ್ಕೊಳ್ದೆ ಮಲಗ್ಬೇಕು, ಅಷ್ಟೇ. ನಂಗಂತೂ ಮಾಸ್ಕ್ ನನ್ನ ಮುಖಕ್ಕೇ ಅಳತೆ ತಗೊಂಡು ಮಾಡಿದ ಹಾಗೆ ಕೂತ್ಕೊಳ್ಳುತ್ತೆ."

ಈ ಉಪದೇಶ ಕೇಳಿದ ರಾತ್ರಿ ಇಂದ್ರೇಶನ ಮನಸ್ಸಿನಲ್ಲಿ ಕೆಟ್ಟದ್ದಲ್ಲದೆ ಬೇರೇನೂ ಇರಲಿಲ್ಲ. ಮರುದಿನ ಅತ್ತೆ ಚಿನ್ನಮ್ಮನವರು ಅಳಿಯನ ಮೇಲೆ ಕನಿಕರ ಪಟ್ಟು ಒಂದು ಮದ್ದು ಹೇಳಿದರು. ಎಲ್ಲ ಉಷ್ಣದಿಂದ ಆಗುವುದು. ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿಕೊಂಡು ಮುಖಕ್ಕೂ ಒಂದಿಷ್ಟು ಸವರಿಕೊಂಡು ಮಲಗಿದರೆ ತಂಪಾಗಿ ನಿದ್ದೆ ಬರುತ್ತದೆ. ಇಂದ್ರೇಶ್ ಭಕ್ತಿಯಿಂದ ಸವರಿಕೊಂಡ. ಎಣ್ಣೆಯ ಮುಖದ ಮೇಲೆ ಮಾಸ್ಕ್ ಜಾರುತ್ತ ಜಾರುತ್ತ ಬೆಳಗಾಗುವ ಹೊತ್ತಿಗೆ ಎಡಗಿವಿಯ ಮೇಲೆ ಕೂತು ಕಿವಿಗೆ ಗಾಳಿ ಊದುತ್ತಿತ್ತು. ಆ್ಯಪ್ ಮೂವತ್ತೊಂದು ಕೊಟ್ಟಿತು. ಹಿರಿಯಣ್ಣನವರು ಗುಂಪಿನಲ್ಲಿ, "ಪೋಷಕರನ್ನು ಕರೆದುಕೊಂಡು ಬರತಕ್ಕದ್ದು" ಎಂದು ಬರೆದರು.

ತಿಂಗಳು ಮುಗಿಯಲು ಐದು ದಿನ ಉಳಿದಾಗ ಅವನು ಸ್ಲೀಪ್ ಕ್ಲಿನಿಕ್ಕಿಗೆ ಹೋಗಿ ಕೂತ. ಅಲ್ಲಿ ಮಾಸ್ಕ್ ಹೊಂದಿಸಿಕೊಡುವ ಶೀತಲ ಹುಬ್ಬಳ್ಳಿಯವಳು. ಅವನ ಕೆನ್ನೆಯ ಬರೆ, ಕೆಂಪು ಕಣ್ಣು, ಕಿವಿಯ ಬಳಿ ಇನ್ನೂ ಮಿರುಗುತ್ತಿದ್ದ ಎಣ್ಣೆ ನೋಡಿ ಅವನ ಮಾಸ್ಕನ್ನು ಕೈಗೆ ತೆಗೆದುಕೊಂಡಳು.

"ಹಿಂಗ ಜಗ್ಗಿ ಕಟ್ಟಬ್ಯಾಡ್ರಿ ಸರ್. ಬಿಗಿ ಮಾಡಿದಷ್ಟೂ ಸೋರತೈತಿ. ಮಲಕ್ಕೊಂಡು, ಗಾಳಿ ಚಾಲೂ ಮಾಡಿ, ಆಮ್ಯಾಲೆ ಪಟ್ಟಿ ಹೊಂದಿಸ್ಕೋರಿ. ಮುಖ ಸ್ವಚ್ಛ ತೊಳ್ಕೊಂಡು ಮಲಗ್ರಿ, ಎಣ್ಣಿ ಗಿಣ್ಣಿ ಏನೂ ಬ್ಯಾಡ. ಮಾಸ್ಕಿನ ಮೆತ್ತನ ರಬ್ಬರ್ ದಿನಾ ತೊಳೀರಿ." ಅವನ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ಮತ್ತ ನಿಮ್ಮ ಖರೇ ಸಮಸ್ಯೆ ಈ ಮೀಸಿ. ಮಾಸ್ಕ್ ಅದರ ಮ್ಯಾಲೇ ಕೂಡತೈತಿ. ಕೂದಲದ ಸಂದ್ಯಾಗ ಗಾಳಿ ಹೋಗೂದು ಸಹಜ ಐತಿ."

ಇಂದ್ರೇಶನ ಕೈ ತಾನಾಗಿ ಮೀಸೆಗೆ ಹೋಯಿತು. "ಗಡ್ಡ ಇದ್ರೆ?"

"ಗಡ್ಡಾ ಇದ್ರಂತೂ ಇನ್ನೂ ಸೋರತೈತಿ."

"ನಮ್ಮ ಷಡ್ಡಕನಿಗೆ ಮುಖದ ತುಂಬ ಗಡ್ಡ. ದಿನಾ ನೂರಕ್ಕೆ ನೂರು ತೆಗೀತಾನೆ."

ಶೀತಲ ಹುಬ್ಬೇರಿಸಿದಳು. "ಹಂಗಾರ ಅವರನ್ನ ಒಮ್ಮೆ ಇಲ್ಲಿಗೆ ಕರ್ಕೊಂಡು ಬರ್ರಿ, ನಾನೂ ನೋಡತೀನಿ" ಎಂದಳು. ಮೂಗಿನ ಕೆಳಗಷ್ಟೇ ಕೂರುವ ಬೇರೆ ಬಗೆಯ ಮಾಸ್ಕ್ ಇದೆ, ಮೀಸೆ ಇದ್ದರೂ ನಡೆಯುತ್ತದೆ, ತರಿಸಲು ಎರಡು ವಾರ ಬೇಕು ಎಂದೂ ಹೇಳಿದಳು. ಸ್ವಲ್ಪ ಬುದ್ಧಿ ಇದ್ದವನು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದ. ಇಂದ್ರೇಶ್ ಯೋಚಿಸಿದ್ದು ಒಂದೇ. ದೇವರು ಗಡ್ಡದಲ್ಲೂ ಸುಘೋಷನಿಗೆ ಬೇರೆ ಜಾತಿಯದನ್ನೇ ಕೊಟ್ಟಿದ್ದಾನೆ. ಎರಡು ವಾರ ಕಾಯುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಸಾಕಿದ ಮೀಸೆ ಹೋಗಬೇಕೆಂದು ಕಾರಿನಲ್ಲೇ ತೀರ್ಮಾನವಾಯಿತು.

ಮರುದಿನ ಶ್ರೀವಿದ್ಯಾ ಆಸ್ಪತ್ರೆಯ ರಿಸೆಪ್ಷನ್ನಿನ ಬೆಳಗಿನ ಪಾಳಿಗೆ ಆರು ಗಂಟೆಗೆ ಹೊರಟ ಮೇಲೆ ಅವನು ಕನ್ನಡಿಯ ಮುಂದೆ ನಿಂತು ಕೆಲಸ ಮುಗಿಸಿದ. ಹರಳೆಣ್ಣೆಯ ಜಿಡ್ಡು ಪೂರ್ತಿ ಹೋಗಲೆಂದು ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೊಂಡ. ಅಷ್ಟರಲ್ಲಿ ಕಸದ ಲಾರಿಯ ಸದ್ದು ಕೇಳಿಸಿತು. ಆ ದಿನ ಬಿನ್ ಹೊರಗಿಡುವ ದಿನವೆಂಬುದು ನೆನಪಾಗಿ, ಕೈಗೆ ಸಿಕ್ಕ ಬಿಳಿ ಪಂಚೆ ಸುತ್ತಿಕೊಂಡು, ಬರಿ ಮೈಮೇಲೆ ಒದ್ದೆ ಟವಲ್ ಹೊದ್ದು, ಬಿನ್ ಎಳೆದುಕೊಂಡು ಬೀದಿಗೆ ಬಂದ.

ಎದುರು ಮನೆಯ ಯೋಗೀಶ ಕಾರಿನ ಬಾಗಿಲು ತೆಗೆಯುತ್ತಿದ್ದವನು ಹಾಗೇ ನಿಂತ. ಯೋಗೀಶ ದಾವಣಗೆರೆಯವನು, ಲೋಕಜ್ಞಾನವುಳ್ಳವನು. ತಲೆಗೆ ಸ್ನಾನ, ತೊಟ್ಟಿಕ್ಕುವ ಕೂದಲು, ಬಿಳಿ ಪಂಚೆ, ಅತ್ತು ಅತ್ತು ಕೆಂಪಾದ ಕಣ್ಣು, ಬೋಳಿಸಿದ ಮೀಸೆ. ಇಷ್ಟು ಕಂಡ ಮೇಲೆ ಏನಾಯಿತು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಅವನು ಕಾರಿನ ಹಾಡು ನಿಲ್ಲಿಸಿ, ದೂರದಿಂದಲೇ ಕೈ ಮುಗಿದು, ತಲೆ ತಗ್ಗಿಸಿ ಹೊರಟು ಹೋದ. ಕಸದ ಬಿನ್ ಇಡುವವನಿಗೆ ಇಷ್ಟು ಗೌರವವೇಕೆ ಎಂದು ಇಂದ್ರೇಶನಿಗೆ ಕೊಂಚ ಆಶ್ಚರ್ಯವಾಯಿತು.

ಫ್ರೀವೇಯ ಟ್ರಾಫಿಕ್ಕಿನಲ್ಲಿ ಯೋಗೀಶನಿಗೆ ಲೆಕ್ಕ ಹಾಕಲು ಬೇಕಾದಷ್ಟು ಸಮಯ ಸಿಕ್ಕಿತು. ಇಂದ್ರೇಶ್ ಸರ್ ತಂದೆ ಎಂದೋ ಹೋಗಿದ್ದಾರೆ, ತಾಯಿಯೂ ಇಲ್ಲ. ಉಳಿದ ಹಿರಿಯರೆಂದರೆ ಸಿಡ್ನಿಯಲ್ಲಿರುವ ಮಾವ. ಆ ಮಾವನಿಗೆ ಗಂಡುಮಕ್ಕಳಿಲ್ಲ, ಕರ್ಮ ಮಾಡಬೇಕಾದವನು ಹಿರಿಯ ಅಳಿಯ. ಲೆಕ್ಕ ಎಲ್ಲೂ ತಪ್ಪಲಿಲ್ಲ. ಆಫೀಸು ಸೇರಿದೊಡನೆ ಸುತ್ತಲಿನ ಕನ್ನಡಿಗರ ಗುಂಪಿಗೆ ಬರೆದ: "ಇಂದ್ರೇಶ್ ಸರ್ ಅವರ ಮಾವನವರು ಸಿಡ್ನಿಯಲ್ಲಿ ತೀರಿಕೊಂಡಿದ್ದಾರೆ. ಎಪ್ಪತ್ಮೂರು ವಯಸ್ಸಾಗಿತ್ತು. ಖಚಿತವಾಗಿ ಗೊತ್ತಿಲ್ಲ." ಜನ ಮೊದಲ ಎರಡು ವಾಕ್ಯ ಓದಿದರು. ಹತ್ತು ಗಂಟೆಗೆ ಯಾರೋ ಹಿರಿಯಣ್ಣನವರು ಇಲ್ಲಿದ್ದಾಗಿನ ಪಿಕ್‌ನಿಕ್ ಫೋಟೋ ಹುಡುಕಿ, ಕೈಯಲ್ಲಿದ್ದ ಚಿಪ್ಸ್ ಪೊಟ್ಟಣವನ್ನು ಕತ್ತರಿಸಿ, ಪಕ್ಕದಲ್ಲಿ ದೀಪ ಅಂಟಿಸಿದರು. ಹನ್ನೊಂದಕ್ಕೆ ಅದು ಸಿಡ್ನಿಯ ಗುಂಪುಗಳನ್ನೂ ತಲುಪಿತ್ತು.

ಇತ್ತ ಇಂದ್ರೇಶ್ ವರ್ಕ್ ಫ್ರಂ ಹೋಮ್ ಹಾಕಿಕೊಂಡು, ಮಾವನ ಷರಾ ಕಣ್ಣಿಗೆ ಬೀಳದಿರಲೆಂದು ಫೋನನ್ನು ಕಪಾಟಿನಲ್ಲಿಟ್ಟಿದ್ದ. ಮಧ್ಯಾಹ್ನ ಯೋಗೀಶನ ಹೆಂಡತಿ ಸುಜಾತಾ ಅನ್ನ, ಸಾರಿನ ಪಾತ್ರೆಗಳೊಂದಿಗೆ ಬಂದಳು. ಹಿಂದೆಯೇ ಪಕ್ಕದ ಬಡಾವಣೆ ವಿಂಡಮ್ ವೇಲ್‌ನಿಂದ ಎರಡು ಕಾರು ತುಂಬ ಜನ. ಎಲ್ಲರ ಮುಖವೂ ಇಳಿದಿತ್ತು. ಬಂದವರೆಲ್ಲ ಅವನ ಬೋಳು ತುಟಿಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ತಡ್ಕೊಳ್ಳಿ ಸರ್" ಎಂದಳು ಸುಜಾತಾ.

"ಮೂರು ತಿಂಗಳಿಂದ ತಡ್ಕೊಂಡೇ ಇದೀನಿ ಮೇಡಂ. ಒಂದು ದಿನ ಸರಿಯಾಗಿ ನಿದ್ದೆ ಇಲ್ಲ."

"ಪಾಪ, ಅಷ್ಟು ದಿನದಿಂದ ಇತ್ತಾ?"

ತನ್ನ ಮಾಸ್ಕಿನ ಕಷ್ಟ ಇಷ್ಟು ಜನರ ಮನಸ್ಸು ಕಲಕಿದೆಯೆಂದು ಇಂದ್ರೇಶ್ ಒಬ್ಬೊಬ್ಬರಿಗೂ ಕೈ ಮುಗಿದ. ಸುಘೋಷನಿಗೆ ನೂರು ಅಂಕ ಬರಬಹುದು. ಹೀಗೆ ಅನ್ನ ಸಾರು ತಂದುಕೊಡುವ ಜನ ಅವನಿಗೆ ಎಲ್ಲಿದ್ದಾರೆ ಎಂದುಕೊಂಡ. ಹನ್ನೊಂದು ವರ್ಷದಲ್ಲಿ ಷಡ್ಡಕನಿಗಿಂತ ತಾನು ಮೇಲು ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು. ಸಾರಿಗೆ ಒಗ್ಗರಣೆ ಇರಲಿಲ್ಲ ಎಂಬುದನ್ನು ಅವನು ಸೌಜನ್ಯದಿಂದ ಎತ್ತಲಿಲ್ಲ.

ಶ್ರೀವಿದ್ಯಾಳಿಗೆ ಸುದ್ದಿ ಬೇರೆ ದಾರಿಯಿಂದ ಮುಟ್ಟಿತು. ಆಸ್ಪತ್ರೆಯಲ್ಲಿ ಊಟಕ್ಕೆ ಕೂತಿದ್ದಾಗ ಅಪ್ಪನ ಫೋನ್ ಬಂತು. "ಶ್ರೀವಿದ್ಯಾ, ನಾನು ತೀರಿಕೊಂಡ ವಿಷಯ ನಿನಗೆ ತಿಳಿಯಿತೇನಮ್ಮ?" ಎಂದರು ಹಿರಿಯಣ್ಣನವರು. ಹದಿನಾರು ಜನ ಈಗಾಗಲೇ ಗಾನವಿಗೆ ಸಂತಾಪ ಹೇಳಿದ್ದರು. ಮ್ಯಾಕ್ವೆರಿ ಪಾರ್ಕಿನ ಲಿಫ್ಟಿನಲ್ಲಿ ಒಬ್ಬ ತೆಲುಗಿನವನು ಅವರನ್ನು ಕಂಡು ಅರ್ಧದಲ್ಲೇ ಇಳಿದು ಹೋಗಿದ್ದ. "ಮೂಲ ನಿನ್ನ ಮನೆಯಲ್ಲೇ ಇದೆಯಂತೆ. ಮೂರು ಗಂಟೆಯ ಫ್ಲೈಟಿಗೆ ನಾನೂ ನಿನ್ನಮ್ಮನೂ ಬರ್ತಿದೀವಿ. ಬದುಕಿದೀನಿ ಅಂತ ಖುದ್ದಾಗಿ ಹಾಜರಾಗಿ ತೋರಿಸ್ತೀನಿ."

ಅವರನ್ನು ಏರ್‌ಪೋರ್ಟಿನಿಂದ ಕರೆದುಕೊಂಡು ಶ್ರೀವಿದ್ಯಾ ಮನೆ ಮುಟ್ಟಿದಾಗ ಸಂಜೆ ಆರೂವರೆ. ಹಾಲಿನಲ್ಲಿ ಮೂವತ್ತು ಜನ ನೆಲದ ಮೇಲೆ ಕೂತಿದ್ದರು. ಆಫೀಸಿನಿಂದ ನೇರ ಬಂದ ಯೋಗೀಶ, ಹೋದವರ ಗುಣಗಾನ ಶುರು ಮಾಡಿದ್ದ. ಇಂದ್ರೇಶ್ ಅದನ್ನು ಕೇಳುತ್ತ, ಮಾವನನ್ನು ಇವನೇಕೆ ಇಷ್ಟು ಹೊಗಳುತ್ತಿದ್ದಾನೆ ಎಂದು ಮುಖ ಹುಳ್ಳಗೆ ಮಾಡಿಕೊಂಡಿದ್ದ. ಬಾಗಿಲು ತೆರೆದು ಹಿರಿಯಣ್ಣನವರು ಒಳಗೆ ಕಾಲಿಟ್ಟರು. ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಹೆಡ್‌ಮಾಸ್ಟರಿಗೆ ಅದು ಅಭ್ಯಾಸವಿದ್ದದ್ದರಿಂದ, "ಕೂತ್ಕೊಳ್ಳಿ" ಎಂದರು. ಯಾರೂ ಕೂರಲಿಲ್ಲ.

"ಮೆಸೇಜ್ ಬರೆದೋರು ಯಾರು?"

ಯೋಗೀಶ ಕೈ ಎತ್ತಿದ. "ನಾನ್ ಸರ್."

"ಎರಡು ತಪ್ಪಿದೆ. ಒಂದು, ನನಗೆ ಎಪ್ಪತ್ಮೂರಲ್ಲ."

"ಎರಡನೇದು ಸರ್?"

"ಎರಡನೇದು ನಿಮ್ಮೆದುರಿಗೇ ನಿಂತಿದೆ."

ಆಮೇಲೆ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಇದಕ್ಕೆ ಒಗ್ಗರಣೆ ಹಾಕಿ ತರಬೇಕೆಂದು ಸುಜಾತಾಳಿಗೆ ಹೇಳಿ, ತಮ್ಮ ಸೂತಕದ ಊಟವನ್ನು ತಾವೇ ಎರಡು ಸಲ ಹಾಕಿಸಿಕೊಂಡು ಉಂಡರು. ಜನರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಎಲ್ಲ ಕೇಳಿ ಮುಗಿದ ಮೇಲೆ ಶ್ರೀವಿದ್ಯಾ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು.

"ಸುಘೋಷ್ ಸಮ ಬರೋಕೆ ಎರಡು ಮಾರ್ಕ್ಸ್‌ಗೋಸ್ಕರ ಮೀಸೆ ತೆಗೆದ್ರಾ?"

"ಎರಡಲ್ಲ, ನಲವತ್ತೆರಡು" ಎಂದ ಇಂದ್ರೇಶ್.

"ಮದುವೆಗೆ ಮುಂಚೆ ಕಳಿಸಿದ್ದ ಫೋಟೋದಲ್ಲಿ ಅದೊಂದೇ ಚೆನ್ನಾಗಿತ್ತು ರೀ" ಎಂದು ಹೇಳಿ ಅವಳು ದಿಂಬು ಎತ್ತಿಕೊಂಡು ಪಕ್ಕದ ರೂಮಿಗೆ ಹೋದಳು.

ಬಂದ ಹಿರಿಯರಿಗೆ ದೊಡ್ಡ ರೂಮು ಬಿಟ್ಟುಕೊಡುವುದು ಪದ್ಧತಿ. ಇಂದ್ರೇಶ್ ಬಿಟ್ಟುಕೊಟ್ಟ. ಮೆಷಿನ್ನು ಅಲ್ಲೇ ಹಾಸಿಗೆಯ ಪಕ್ಕದಲ್ಲಿ ಉಳಿದಿತ್ತು. ಅದನ್ನು ತರಲು ಹೋದಾಗ ಬಾಗಿಲು ಮುಚ್ಚಿತ್ತು. ತಟ್ಟಲು ಧೈರ್ಯ ಸಾಲದೆ ಹಾಲಿನ ಸೋಫಾದ ಮೇಲೆ ಬಿದ್ದುಕೊಂಡ. ಮೀಸೆ ತೆಗೆದ ಮೊದಲ ರಾತ್ರಿಯೇ ಮಾಸ್ಕಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೀಸೆಗೆ ಹೋದದ್ದು ಇನ್ನು ಬರುವುದುಂಟೇ ಎಂದು ತನ್ನಷ್ಟಕ್ಕೆ ಮರುಗುತ್ತ, ಮನೆ ನಡುಗುವಂತೆ ಗೊರಕೆ ಹೊಡೆಯುತ್ತ ನಿದ್ದೆ ಹೋದ.

ಬೆಳಿಗ್ಗೆ ಏಳಕ್ಕೆ ಫೋನು ಠಣ್ ಎಂದಿತು. ಇಂದ್ರೇಶ್ ಅಭ್ಯಾಸಬಲದಿಂದ ನೋಡಿದ. ನೂರಕ್ಕೆ ನೂರು. ಮಾಸ್ಕ್ ಸೀಲ್ ಅತ್ಯುತ್ತಮ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಹೆಸರು ಅವನದೇ, ಮೆಷಿನ್ನೂ ಅವನದೇ. ಮೀಸೆ ತೆಗೆದವನಿಗೆ ಮಾಸ್ಕ್ ಹಾಕದೆಯೂ ನೂರು ಬರುತ್ತದೆಯೇ ಎಂದು ಒಂದು ಗಳಿಗೆ ನಂಬಿಯೂ ಬಿಟ್ಟ. ಆಮೇಲೆ ಬರಿಗಾಲಿನಲ್ಲಿ ದೊಡ್ಡ ರೂಮಿಗೆ ಹೋದ. ಬಾಗಿಲು ತೆರೆದಿತ್ತು. ಚಿನ್ನಮ್ಮನವರು ಕಿಟಕಿಯ ಬಳಿ ಕೂತು ಕಾಫಿ ಕುಡಿಯುತ್ತಿದ್ದರು. ಹಾಸಿಗೆಯ ಮೇಲೆ ಹಿರಿಯಣ್ಣನವರು ಮಗುವಿನಂತೆ ಮಲಗಿದ್ದರು. ನಲವತ್ತು ವರ್ಷದಿಂದ ಒಂದು ದಿನವೂ ತಪ್ಪದೆ ನುಣ್ಣಗೆ ಕ್ಷೌರ ಮಾಡಿಕೊಂಡ ಅವರ ಮುಖದ ಮೇಲೆ ಇಂದ್ರೇಶನ ಮಾಸ್ಕ್ ಕೂತಿತ್ತು. ಒಂದಿಷ್ಟೂ ಸದ್ದಿರಲಿಲ್ಲ.

"ಬನ್ನಿ ಅಳಿಯಂದ್ರೇ" ಎಂದರು ಚಿನ್ನಮ್ಮ, ಏನೂ ಆಗಿಲ್ಲವೆಂಬಂತೆ. "ಇವರಿಗೆ ಈಗ ಇದಿಲ್ದೆ ನಿದ್ದೆನೇ ಬರಲ್ಲ. ಸಿಡ್ನೀಲಿ ಒಂದು ಮಧ್ಯಾಹ್ನ ಹೇಗಿರುತ್ತೆ ನೋಡೋಣ ಅಂತ ಸುಘೋಷ್‌ದು ಹಾಕ್ಕೊಂಡ್ರು, ಅವತ್ತಿಂದ ವಾಪಸ್ ಕೊಟ್ಟೇ ಇಲ್ಲ. ಪಾಪ, ಆ ಹುಡುಗ ಎರಡು ತಿಂಗಳಿಂದ ಹಾಲಲ್ಲಿ ಗೊರಕೆ ಹೊಡೀತಾ ಮಲಗ್ತಾನೆ."

"ಎರಡು ತಿಂಗಳಿಂದ?"

"ಹೂಂ. ಇಲ್ಲಿಂದ ನಾವು ಓಡಿ ಹೋದದ್ದೂ ನಿಮ್ಮೊಬ್ಬರ ಗೊರಕೆಗಲ್ಲ. ಇವರದ್ದೂ ಕಡಿಮೆಯೇನಿರ್ಲಿಲ್ಲ. ನನಗೆ ಎರಡು ಕಡೆಯಿಂದ್ಲೂ ಬಡಿತಾ ಇತ್ತು."

ಆ ಅರವತ್ತು ನೂರುಗಳು ಒಂದೊಂದಾಗಿ ಇಂದ್ರೇಶನ ಕಣ್ಣ ಮುಂದೆ ಹಾದು ಹೋದವು. ಪರೀಕ್ಷೆ ಇಟ್ಟವರು ಹಿರಿಯಣ್ಣ, ಸುಘೋಷನ ಹೆಸರಿನಲ್ಲಿ ಬರೆದವರು ಹಿರಿಯಣ್ಣ, ಶಹಬ್ಬಾಸ್ ಎಂದವರೂ ಹಿರಿಯಣ್ಣ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವುದು ಯಾರಿಗೆ? ಅಷ್ಟರಲ್ಲಿ ಹಿರಿಯಣ್ಣನವರು ಕಣ್ಣು ಬಿಟ್ಟರು. ಎದುರಿಗೆ ಫೋನು ಹಿಡಿದು ನಿಂತ ಅಳಿಯನನ್ನು ಕಂಡು, ಮಾಸ್ಕ್ ತೆಗೆದು, ನಿಧಾನವಾಗಿ ಎದ್ದು ಕೂತರು. ಆ ನಲವತ್ತೊಂದು ಹುಡುಗರ ಮುಖದಲ್ಲಿ ಕಂಡಿರಬಹುದಾದ ಕಳೆ ಅವರ ಮುಖದಲ್ಲಿತ್ತು.

"ಎಷ್ಟು ಬಂತು?" ಎಂದು ಮೆಲ್ಲಗೆ ಕೇಳಿದರು.

"ನೂರು."

ಹಿರಿಯಣ್ಣನವರ ಕಣ್ಣು ಒಂದು ಕ್ಷಣ ಹೆಮ್ಮೆಯಿಂದ ಮಿಂಚಿತು. ಆಮೇಲೆ ಗಂಟಲು ಸರಿಮಾಡಿಕೊಂಡರು. "ನೀವೀಗ ಅದನ್ನ ಗುಂಪಿಗೆ ಹಾಕ್ಬಹುದು. ಹೇಗೆ ಬಂತು ಅಂತನೂ ಬರೀಬಹುದು. ನಾನು ಬೇಡ ಅನ್ನಲ್ಲ."

ಇಂದ್ರೇಶ್ ಹನ್ನೊಂದು ವರ್ಷ ಕಾದದ್ದು ಇಂಥದೊಂದು ಬೆಳಗಿಗಾಗಿಯೇ. ಒಂದು ಸಾಲು ಬರೆದರೆ ಸಾಕು, ಸುಘೋಷ್ ಮುಗಿದ. ಆದರೆ ಅದೇ ಸಾಲಿನಲ್ಲಿ ಈ ಮುದುಕರೂ ಮುಗಿಯುತ್ತಿದ್ದರು. ನಿನ್ನೆ ಒಂದು ಸಲ ಅವರನ್ನು ಕೊಂದದ್ದಾಗಿತ್ತು. ಎರಡನೆಯ ಸಲ ಕೊಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಬರೀ ಚಿತ್ರವನ್ನು ಹಾಕಿ ಸುಮ್ಮನಾದ. ಹಿರಿಯಣ್ಣನವರು ಕನ್ನಡಕ ಹುಡುಕಿ ಹಾಕಿಕೊಂಡು, ಅಳಿಯನ ಎದುರಿಗೇ ಟೈಪ್ ಮಾಡಿದರು: "ಶಹಬ್ಬಾಸ್ ಇಂದ್ರೇಶ್. ಶಾಂತಿ ಮೆಲ್ಬರ್ನಿನಲ್ಲಿ."

ಐದು ನಿಮಿಷಕ್ಕೆ ಸುಘೋಷನ ಫೋನ್ ಬಂತು.

"ಭಾವ, ಕಂಗ್ರಾಟ್ಸ್" ಎಂದ, ಎಚ್ಚರಿಕೆಯಿಂದ.

"ಥ್ಯಾಂಕ್ಸ್. ನಿನ್ನ ಮಾರ್ಕ್ಸ್ ಇವತ್ತು ಕಾಣಿಸ್ಲಿಲ್ಲ?"

"ಅದು, ನೆಟ್‌ವರ್ಕ್ ಪ್ರಾಬ್ಲಮ್."

"ಸೀಲ್ ಸರಿಯಿಲ್ಲವೇನೋ. ಗಡ್ಡ ತೆಗೆದು ನೋಡು. ಮನಸ್ಸಲ್ಲಿ ಕೆಟ್ಟದ್ದು ಇಟ್ಕೊಳ್ದೆ ಮಲಗು" ಎಂದ ಇಂದ್ರೇಶ್. ಗಡ್ಡವಿಲ್ಲದ ಸುಘೋಷ್ ಸುಲಿದ ಆಲೂಗಡ್ಡೆಯಂತೆ ಕಾಣುತ್ತಾನೆಂದು ಅವನಿಗೆ ಖಾತ್ರಿಯಿತ್ತು. ಆ ದಿನದ ತಿಂಡಿ ಅವನಿಗೆ ಬಹಳ ರುಚಿಸಿತು.

ಶಾಂತಿ ಪಾಯಿಂಟ್ ಕುಕ್‌ನಲ್ಲೇ ನಡೆಯಿತು. ಬಾಗಿಲಿಗೆ ಇಂದ್ರೇಶ್ ತನ್ನ ಕೈಯಾರೆ ತೋರಣ ಕಟ್ಟಿದ. ಕಟ್ಟುವಾಗ ಅಪ್ಪನ ನೆನಪಾಗಿ ಸ್ಟೂಲಿನ ಮೇಲೆಯೇ ಎರಡು ನಿಮಿಷ ನಿಂತುಬಿಟ್ಟ, ಶ್ರೀವಿದ್ಯಾ ಕೆಳಗಿನಿಂದ ಸ್ಟೂಲು ಹಿಡಿದುಕೊಂಡಿದ್ದಳು. ಸಿಡ್ನಿಯಿಂದ ಸುಘೋಷ್ ಬಂದಿಳಿದ. ಗಡ್ಡ ಮೀಸೆ ಎರಡೂ ಇರಲಿಲ್ಲ. ಆಲೂಗಡ್ಡೆಯಂತೆ ಕಾಣುವ ಬದಲು ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದ. ಚಿನ್ನಮ್ಮನವರು ಅವನಿಗೆ ದೃಷ್ಟಿ ತೆಗೆದರು. ಇಂದ್ರೇಶನ ಬೋಳು ತುಟಿಯನ್ನು ನೋಡಿ ಇಷ್ಟು ದಿನದಲ್ಲಿ ಯಾರೂ ದೃಷ್ಟಿ ತೆಗೆದಿರಲಿಲ್ಲ. ಊಟಕ್ಕೆ ಬಂದ ಯೋಗೀಶ ಮಾತ್ರ, ಹಾರ ಹಾಕಿಕೊಂಡು ನಡುವೆ ಕೂತ ಹಿರಿಯರನ್ನೂ, ಎರಡು ಪಕ್ಕದಲ್ಲಿ ಮೀಸೆ ತೆಗೆಸಿ ಕೂತ ಇಬ್ಬರು ಅಳಿಯಂದಿರನ್ನೂ ಕಂಡು ಬಾಗಿಲಲ್ಲೇ ಬೆವರಿದ. ಹಿರಿಯಣ್ಣನವರು ಕೆಮ್ಮಿದ ಮೇಲೆಯೇ ಒಳಗೆ ಬಂದ.

ಊಟವಾದ ಮೇಲೆ ಹಿರಿಯಣ್ಣನವರು, ಉಳಿದ ಎರಡು ತಿಂಗಳು ಮೆಲ್ಬರ್ನಿನಲ್ಲೇ ಇರುವುದಾಗಿ ಘೋಷಿಸಿದರು. ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತದಂತೆ. ಸುಘೋಷ್ ಮುಖ ಬಾಡಿಸಿಕೊಂಡು ಸಿಡ್ನಿಗೆ ಹಿಂತಿರುಗಿದ. ಇಂದ್ರೇಶ್ ಗೆದ್ದ ಸಂತೋಷದಲ್ಲಿ ಸೋಫಾದ ಮೇಲೆ ಹಾಸಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಗುಂಪಿನಲ್ಲಿ ಎರಡು ಚಿತ್ರಗಳಿದ್ದವು. ಇಂದ್ರೇಶನದು ನೂರು, ದೊಡ್ಡ ರೂಮಿನಲ್ಲಿ ಮಾವ ಇನ್ನೂ ಮಲಗಿದ್ದರು. ಸುಘೋಷನದು ತೊಂಬತ್ತಾರು. ಮೂಗಿನ ಮೇಲೆ ಮಾಸ್ಕಿನ ತಿಳಿ ಗುರುತಿದ್ದ, ನುಣುಪು ಕೆನ್ನೆಯ, ಚೆನ್ನಾಗಿ ನಿದ್ದೆಯಾದ ತನ್ನ ಮುಖದ ಫೋಟೋವನ್ನೂ ಅವನು ಜೊತೆಗೆ ಹಾಕಿದ್ದ. ಇಂದ್ರೇಶ್ ಸೋಫಾದಲ್ಲಿ ಎದ್ದು ಕೂತ. ಕುತ್ತಿಗೆ ಹಿಡಿದುಕೊಂಡಿತ್ತು, ತನ್ನ ಗೊರಕೆಗೆ ತಾನೇ ನಾಲ್ಕು ಸಲ ಎಚ್ಚರವಾಗಿತ್ತು. ಎರಡು ಅಂಕಿಗಳನ್ನೂ ಬಹಳ ಹೊತ್ತು ನೋಡಿದ. ಸುಘೋಷ್ ಹಿಂದೆ ತೆಗೆದ ಅರವತ್ತು ನೂರುಗಳಿಗೆ ಉರಿಯದಷ್ಟು ಹೊಟ್ಟೆ ಆ ಒಂದು ತೊಂಬತ್ತಾರಕ್ಕೆ ಉರಿಯಿತು, ಯಾಕೆಂದರೆ ಆ ತೊಂಬತ್ತಾರನ್ನು ಅವನು ನಿಜವಾಗಿ ಮಲಗಿ ತೆಗೆದಿದ್ದ.

ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದಂತೆ ಇಂದ್ರೇಶನ ಫೋನು ಶೀತಲಳನ್ನು ಮುಟ್ಟಿತು. ಮಾವನ ವಿಷಯವನ್ನೆಲ್ಲ ಹೇಳಿದ.

"ಒಬ್ಬರ ಮಷಿನ್ ಇನ್ನೊಬ್ಬರು ಹಾಕ್ಕೋಬಾರದ್ರಿ ಸರ್" ಎಂದು ಅವಳು ಗದರಿದಳು. "ಅವರಿಗೆ ಎಷ್ಟು ಒತ್ತಡ ಬೇಕು ಅಂತ ಬ್ಯಾರೆ ಟೆಸ್ಟ್ ಆಗಬೇಕು. ಮುಂದಿನ ವಾರ ಬುಕ್ ಮಾಡ್ಲೇನ್ರಿ?"

"ಮುಂದಿನ ವಾರ ಬೇಡ. ಇವತ್ತೇ ಮಾಡಿ."

"ಯಾಕ್ರಿ, ಅಜ್ಜಾರಿಗೆ ಭಾಳ ತ್ರಾಸ ಐತೇನು?"

"ಅವರು ಚೆನ್ನಾಗಿದಾರೆ ಮೇಡಂ, ನನ್ನ ಮೆಷಿನ್ ನನಗೆ ವಾಪಸ್ ಬೇಕು" ಎಂದ ಇಂದ್ರೇಶ್. "ಸಿಡ್ನೀಲಿ ಒಬ್ಬ ತೊಂಬತ್ತಾರಕ್ಕೆ ಬಂದಿದಾನೆ."